ನಾನಾ ಪೇಠದ ಆ ಕಾಕಾ ಅವರಿಗೆ

ಪುಣೆಯ ನಾನಾ ಪೇಠದ ಬಿಡಿಭಾಗದ ಅಂಗಡಿಯಲ್ಲಿ ನಮ್ಮ ಕನ್ನಡ ಕೇಳಿ ಮಾತಿಗೆ ನಿಂತು, ಹೆಸರು ಹೇಳದೇ ಹೋದ ಧಾರವಾಡ ಕಡೆಯ ಕಾಕಾ ಅವರಿಗೆ ನಮ್ಮೆಲ್ಲರ ಮನಃಪೂರ್ವಕ ಧನ್ಯವಾದ.

ನಮ್ಮಂತೆ ಹಳೆಯ ಪ್ರೀಮಿಯರ್ ಪದ್ಮಿನಿ ಕಾರು ಒಯ್ದು ಫ್ರಾನ್ಸಿನ ಲ ಮಾನ್ 24 ಗಂಟೆಗಳ ಕಾರ್ ರೇಸಿನಲ್ಲಿ ಡೇರೆ ಹಾಕುವವರಿಗೆ ನಿಮ್ಮ ಮಾತಿಗಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ. ಜೂನ್ ಬಿಸಿಲಲ್ಲಿ ಕ್ಯಾಂಪ್ ಗೇಟಿನ ಸಾಲಿನಲ್ಲಿ ಗಾಡಿ ತೆವಳುವಾಗ ಬಾನೆಟ್ ಒಳಗೆ ಕಾವು ಏರಿ, ಪಂಪಿನಲ್ಲೇ ಪೆಟ್ರೋಲ್ ಆವಿಯಾಗಿ ಕಾರ್ಬುರೇಟರಿಗೆ ಬರುವುದು ನಿಲ್ಲುತ್ತದೆ. ಆಗ ಸ್ಟಾರ್ಟರ್ ಹೊಡೆದು ಹೊಡೆದು ಬ್ಯಾಟರಿ ಇಳಿಸಬಾರದು. ಬಾನೆಟ್ ಎತ್ತಿ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ತಣಿಯುವವರೆಗೆ ಕಾಯಬೇಕು. ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದ್ದರೆ ಈ ಕಾಟ ಹೆಚ್ಚು. ಹಳೆಯ ರಬ್ಬರ್ ಪೈಪೂ ಮೆತ್ತಗಾಗಿ ಸೋರುತ್ತದೆ. ಅದಕ್ಕೇ ಎಥನಾಲ್ ತಡೆಯುವ ಪೈಪು ಹಾಕಿಸಿ, ಅಲ್ಲಿ ಎಥನಾಲ್ 5% ಮೀರದ ಎಸ್‌ಪಿ 98 ಪೆಟ್ರೋಲ್ ತುಂಬಿಸಿ ಎಂದಿರಿ. ಕ್ಲಿಪ್ಪಿನ ಅಂಚು ಪೈಪನ್ನು ಕೊಯ್ಯದಂತೆ ಎಷ್ಟು ಬಿಗಿಯಬೇಕೆಂದು ಕೈಯಾರೆ ತೋರಿಸಿದಿರಿ.

ಹೆಡ್‌ಲೈಟಿನ ವಿಷಯವಂತೂ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ನಮ್ಮ ಡಿಪ್ ಲೈಟು ಎಡಕ್ಕೆ ಬೀಳುತ್ತದೆ. ಬಲಬದಿಯಲ್ಲಿ ಓಡಿಸುವ ಫ್ರಾನ್ಸಿನಲ್ಲಿ ಅದು ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಬೆಳಕನ್ನು ಎಡಕ್ಕೆ ಎಸೆಯುವ ಗಾಜಿನ ಭಾಗಕ್ಕೆ ಕಪ್ಪು ಟೇಪು ಅಂಟಿಸಬೇಕು. ಹೊಳೆಯುವ ಜಾಕೆಟ್ಟು ಕಡ್ಡಾಯ, ಅದೂ ಡಿಕ್ಕಿಯಲ್ಲಲ್ಲ, ಸೀಟಿನ ಬಳಿ ಕೈಗೆಟಕುವಂತೆ.

ಕಾಕಾ, ಇದು ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ಹೆಸರು ತಿಳಿಸಿ.