ತಪ್ಪು ಎಂದವರಿಗೆಲ್ಲ ಥ್ಯಾಂಕ್ಸ್

ಮೇ 31ಕ್ಕೆ ನನ್ನ ಪಟ್ಟಿ ಮುಗಿಯಿತು. ಮಾರ್ಚ್ 1ರಿಂದ ಮೂರು ತಿಂಗಳು, ಈ ದ್ವೀಪದಲ್ಲಿ ಕಣ್ಣಿಗೆ ಬಿದ್ದ ಗಿಡ, ಹುಳ, ಹಕ್ಕಿ ಸೇರಿ 187 ಬಗೆ. ಅದರಲ್ಲಿ ಮೊದಲು ತಪ್ಪು ಹೆಸರು ಬರೆದು ಆಮೇಲೆ ತಿದ್ದಿಸಿಕೊಂಡದ್ದು 41. ಈ ಬರಹ ಮುಖ್ಯವಾಗಿ ಆ 41ರ ಬಗ್ಗೆ.

ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನ ಐಲಾ ದ್ವೀಪದಲ್ಲಿ ನಾನಿದ್ದೇನೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿದರೆ ‘ಇಸ್ಲೇ’ ಅಂತ ಓದಬೇಕು ಅನಿಸುತ್ತದೆ. ಬಂದ ಮೊದಲ ವಾರ ನಾನೂ ಹಾಗೇ ಅಂದೆ, ಅಂಗಡಿಯವರು ನಗುತ್ತಾ ತಿದ್ದಿದರು. ಅವರಿಗೇ ಮೊದಲ ಥ್ಯಾಂಕ್ಸ್. ಹೊರಗಿನವರಿಗೆ ಇದು ಹೊಗೆ ವಾಸನೆಯ ವಿಸ್ಕಿಯ ದ್ವೀಪ. ನನಗೆ ಇದು ಡ್ಯೂಟಿಯ ಊರು, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ.

ಜನವರಿಯಲ್ಲಿ ಅಪ್ಪ ಹೋದರು. ಆ ದಿನ ಬಿರುಗಾಳಿ. ಹಡಗು ಇಲ್ಲ, ವಿಮಾನ ಇಲ್ಲ. ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದೆ. ಆಮೇಲೆ ಕೆಲವು ವಾರ ಡ್ಯೂಟಿ, ಕೋಣೆ, ಡ್ಯೂಟಿ, ಕೋಣೆ. ಪಕ್ಕದ ಮನೆಯ ಅಜ್ಜಿ ಒಂದು ದಿನ ಬಾಗಿಲು ತಟ್ಟಿ ಒಂದು ನೋಟ್‌ಬುಕ್ ಕೊಟ್ಟರು. ದಿನಕ್ಕೆ ಒಂದು ಬರಿ ಸಾಕು, ಏನು, ಎಲ್ಲಿ, ಯಾವಾಗ, ಯಾರು ನೋಡಿದ್ದು, ಇಷ್ಟೇ ಅಂದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಅದಕ್ಕೇ ನಾನು ಪುಸ್ತಕ ತೆಗೆದುಕೊಂಡೆ ಅಂತ ಈಗ ಅನಿಸುತ್ತದೆ.

ಮೊದಲ ದಿನ ಬರೆದದ್ದು ಚರಂಡಿ ಪಕ್ಕದ ಹಳದಿ ಸೆಲಂಡೈನ್ ಹೂವು. ಮಾರನೇ ದಿನ ಗಾರ್ಸ್ ಅನ್ನುವ ಮುಳ್ಳುಪೊದೆ. ಬೆರಳು ಚುಚ್ಚಿಸಿಕೊಂಡು ಅದರ ಹೂವು ಕಿತ್ತು ಮೂಸಿದೆ. ಕೊಬ್ಬರಿ ವಾಸನೆ! ಉತ್ಪ್ರೇಕ್ಷೆ ಅಲ್ಲ, ಇದನ್ನು ಇಲ್ಲಿನವರೂ ಹೇಳುತ್ತಾರೆ. ಆ ಚಳಿಗಾಳಿಯಲ್ಲಿ ನಿಂತು ನಾನು ಹೂವು ಮೂಸುತ್ತಲೇ ಇದ್ದೆ.

ಮೂರನೇ ದಿನದಿಂದ ತಪ್ಪು ಶುರು. ಬಿಸಿಲಿಗೆ ಬಂದ ಜೇನು ಅಂತ, ಇಂಥ ದಾಖಲೆಗಳ ಆ್ಯಪಿಗೆ ಫೋಟೋ ಕಳಿಸಿದೆ. ದಾಖಲೆ ಪರಿಶೀಲಿಸುವವರು ಉತ್ತರ ಬರೆದರು: ರೆಕ್ಕೆ ಎಣಿಸಿ. ಜೇನಿಗೆ ನಾಲ್ಕು, ಇದಕ್ಕೆ ಎರಡು. ಕಣ್ಣು ದೊಡ್ಡದು, ಮೀಸೆ ಗಿಡ್ಡ. ಅದು ಜೇನಿನ ವೇಷ ಹಾಕಿದ ಹೂನೊಣ. ಮೇ ತಿಂಗಳಲ್ಲಿ ಬ್ಲೂಬೆಲ್. ಒಂದು ಗೋಡೆ ಪಕ್ಕದ ನೀಲಿ ಹೂಗಳನ್ನು ಇಲ್ಲಿನ ಕಾಡಿನ ಹೂವೇ ಅಂತ ಬರೆದೆ. ಪರಾಗ ಯಾವ ಬಣ್ಣ ಅಂತ ಪ್ರಶ್ನೆ ಬಂತು. ಯಾರಪ್ಪಾ ಪರಾಗದ ಬಣ್ಣ ನೋಡುತ್ತಾರೆ ಅಂತ ಗೊಣಗುತ್ತಾ ಎರಡು ಮೈಲಿ ವಾಪಸ್ ನಡೆದೆ. ಕೆನೆ ಬಣ್ಣ ಇರಬೇಕಿತ್ತು, ಇದ್ದದ್ದು ನೀಲಿ. ಗೊಂಚಲೂ ಒಂದೇ ಕಡೆ ಬಾಗಿರಲಿಲ್ಲ, ನೆಟ್ಟಗೆ ನಿಂತಿತ್ತು. ತೋಟದಿಂದ ತಪ್ಪಿಸಿಕೊಂಡ ಸ್ಪೇನಿನ ಜಾತಿ ಅದು.

ಇನ್ನೊಂದು ಹೇಳಲು ನಾಚಿಕೆ. ಏಪ್ರಿಲ್ ಕೊನೆಗೆ ಕೂಗು ಕೇಳಿ, ಅಭ್ಯಾಸಬಲದಿಂದ ನಮ್ಮ ಕೋಗಿಲೆಯ ಹೆಸರನ್ನೇ ಆ್ಯಪಿನಲ್ಲಿ ಆರಿಸಿಬಿಟ್ಟೆ. ಇಲ್ಲಿ ಕೂಗುವ ಕುಕೂ ಬೇರೆ ಹಕ್ಕಿ. ನಮ್ಮದು ಕಾಗೆಗೆ ಮೋಸ ಮಾಡಿದರೆ ಇದು ಹುಲ್ಲುಗಾವಲಿನ ಪಿಪಿಟ್ ಎಂಬ ಪುಟ್ಟ ಹಕ್ಕಿಗೆ ಮಾಡುತ್ತದೆ. ಗುಣ ಒಂದೇ ಬಿಡಿ.

ಹೀಗೆ ತಿದ್ದುವವರಲ್ಲಿ ಹೆಚ್ಚಿನವರಿಗೆ ಸಂಬಳ ಇಲ್ಲ. ರಾತ್ರಿ ಊಟ ಮುಗಿಸಿ ಕೂತು ನನ್ನಂಥವರ ಮಸುಕು ಫೋಟೋ ನೋಡುತ್ತಾರೆ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅಂತ ಬರೆಯುತ್ತಾರೆ. ಅಪ್ಪ ಹೋದ ಮೇಲೆ ಎಲ್ಲರೂ ನನ್ನ ಜೊತೆ ತುಂಬಾ ಜೋಪಾನವಾಗಿ ಮಾತಾಡುತ್ತಿದ್ದರು. ‘ಇಲ್ಲ, ಇದು ತಪ್ಪು, ಮತ್ತೆ ಹೋಗಿ ನೋಡಿ’ ಅಂತ ನೇರವಾಗಿ ಹೇಳಿದವರು ಇವರು ಮಾತ್ರ. ಅದರಿಂದ ಎಷ್ಟು ಉಪಕಾರ ಆಯಿತು ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ.

ಇಲ್ಲಿನ ಗಿಡಗಳ ದಾಖಲೆಗೆ ಒಂದು ಹಳೆಯ ನಕ್ಷೆ ಇದೆ. 1852ರಲ್ಲಿ ವಾಟ್ಸನ್ ಎಂಬ ಸಸ್ಯತಜ್ಞ ಬ್ರಿಟನ್ನನ್ನು 112 ತುಂಡು ಮಾಡಿದರು. ಐಲಾ, ಜುರಾ, ಕೊಲನ್ಸೆ ದ್ವೀಪಗಳು ಸೇರಿದ್ದು 102ನೇ ತುಂಡಿಗೆ. ಸರ್ಕಾರ ಜಿಲ್ಲೆಗಳನ್ನು ಎಷ್ಟು ಬದಲಿಸಿದರೂ ಈ ಗೆರೆ ಹಾಗೇ ಉಳಿದಿದೆ, ಆಗಿನ ಪಟ್ಟಿಯನ್ನು ಈಗಿನದರ ಜೊತೆ ಹೋಲಿಸಬೇಕಲ್ವಾ. ನಮ್ಮೂರು 1997ರವರೆಗೆ ಧಾರವಾಡ ಜಿಲ್ಲೆ, ಆಮೇಲೆ ಗದಗ. ಹಾಗಾಗಿ ಈ ಹಠ ನನಗೆ ಇಷ್ಟವಾಯಿತು.

ದ್ವೀಪದ ‘ಓ’ ಎಂಬ ಜಾಗದ ಕಡೆಯ ರಸ್ತೆಯಲ್ಲಿ ಕಾರು ನಿಲ್ಲಿಸಿ, ನಾನು ಮೊಣಕಾಲೂರಿ ಸ್ಕೇಬಿಯಸ್ ಎಲೆ ಮೇಲಿನ ಕಪ್ಪು ಕಂಬಳಿಹುಳ ನೋಡುವಾಗ (ಮಾರ್ಷ್ ಫ್ರಿಟಿಲರಿ ಚಿಟ್ಟೆಯ ಮರಿಗಳು) ಮುಕ್ಕಾಲು ಗಂಟೆ ಮಳೆಯಲ್ಲಿ ಕಾದ ಸಹೋದ್ಯೋಗಿಗೂ ಥ್ಯಾಂಕ್ಸ್. ಸೀಟು ಒದ್ದೆ ಮಾಡಿದ್ದಕ್ಕೆ ಸಾರಿ.

ಗ್ರುಯ್ನಾರ್ಟ್ ಕಡೆಯ ಒಬ್ಬ ರೈತರು ಮೇ ತಿಂಗಳಲ್ಲಿ ಕರೆದುಕೊಂಡು ಹೋಗಿ ಕಾರ್ನ್‌ಕ್ರೇಕ್ ಹಕ್ಕಿಯ ಕೂಗು ಕೇಳಿಸಿದರು. ರಾತ್ರಿ ಹನ್ನೊಂದಾದರೂ ಆಕಾಶದ ಅಂಚಿನಲ್ಲಿ ಬೆಳಕು. ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದಂತೆ, ಕ್ರೆಕ್ಸ್ ಕ್ರೆಕ್ಸ್, ಕ್ರೆಕ್ಸ್ ಕ್ರೆಕ್ಸ್. ಅದರ ಲ್ಯಾಟಿನ್ ಹೆಸರೂ ಅದೇ. ನಮ್ಮ ಹುಂಡುಕೋಳಿಯ ನಂಟ, ಆಫ್ರಿಕಾದಿಂದ ಹಾರಿ ಬಂದು ಹುಲ್ಲಿನಲ್ಲಿ ಅಡಗುತ್ತದೆ. ಅದರ ಮರಿಗಳಿಗಾಗಿ ಈ ರೈತರು ಹುಲ್ಲು ಕೊಯ್ಯುವುದನ್ನು ಆಗಸ್ಟ್‌ವರೆಗೆ ತಡೆಯುತ್ತಾರೆ. ಆಮೇಲೂ ಹೊಲದ ನಡುವಿನಿಂದ ಹೊರಗೆ ಕೊಯ್ಯುತ್ತಾರೆ, ಮರಿಗಳು ಅಂಚಿಗೆ ಓಡಿ ತಪ್ಪಿಸಿಕೊಳ್ಳಲಿ ಅಂತ. ನಾನು ಹಕ್ಕಿಯನ್ನು ನೋಡಲಿಲ್ಲ. ಕೇಳಿದ್ದು ಸಾಕು, ಬರೆಯಿರಿ ಅಂದರು.

ಬಾರ್ನಕಲ್ ಹೆಬ್ಬಾತುಗಳು ಏಪ್ರಿಲ್‌ನಲ್ಲೇ ಗ್ರೀನ್‌ಲ್ಯಾಂಡಿನ ಕಡೆ ಹೊರಟವು. ಚಳಿಗಾಲವೆಲ್ಲ ಸಾವಿರಾರು ಹೆಬ್ಬಾತುಗಳು ಹುಲ್ಲು ಮೇಯ್ದಿದ್ದವು, ರೈತರಿಗೆ ಸಿಟ್ಟು. ಆ ಸಿಟ್ಟು ನನಗೆ ಹೊಸದಲ್ಲ. ನಮ್ಮೂರ ಕಡೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ಬಂದಾಗ ಅಪ್ಪನೂ ಹೀಗೇ ಬೈಯುತ್ತಿದ್ದರು, ರಾತ್ರಿ ಕಡಲೆ ಹೊಲಕ್ಕೆ ಇಳಿಯುತ್ತಿದ್ದವಲ್ಲ. ಇದನ್ನು ತಂಗಿಗೆ ಫೋನಿನಲ್ಲಿ ಹೇಳಿದೆ. ಅಪ್ಪ ಅದನ್ನು ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದರಲ್ಲ, ನಿನಗೆ ಗೊತ್ತಿಲ್ವಾ ಅಂದಳು.

ಗೊತ್ತಿರಲಿಲ್ಲ. ಅಟ್ಟದಿಂದ ಇಳಿಸಿ ಒಂದೊಂದೇ ಪುಟದ ಫೋಟೋ ಕಳಿಸುತ್ತಿದ್ದಾಳೆ. ಹಾಲಿನ ಲೆಕ್ಕದ ಪಕ್ಕ ಪೆನ್ಸಿಲಿನಲ್ಲಿ ‘ಬಾತು ಬಂದವು’, ಮಾರ್ಚ್ ಪುಟದಲ್ಲಿ ‘ಹೋದವು, ಪೀಡೆ ಕಳೀತು’. ತಂಗಿಗೆ ಥ್ಯಾಂಕ್ಸ್ ಹೇಳಿದರೆ ಬೈಯುತ್ತಾಳೆ, ಇಲ್ಲಿ ಹೇಳುತ್ತೇನೆ. ಈಗ ಆ ತಾರೀಖುಗಳನ್ನು ಒಂದೊಂದಾಗಿ ಸೇರಿಸುತ್ತಿದ್ದೇನೆ. ಏನು, ಎಲ್ಲಿ, ಯಾವಾಗ ತುಂಬಿಸಿ, ಯಾರು ನೋಡಿದ್ದು ಎನ್ನುವ ಜಾಗದಲ್ಲಿ ಅಪ್ಪನ ಹೆಸರು ಬರೆಯುತ್ತೇನೆ.