ಮೇಣದಬತ್ತಿಗೆ ಗ್ರೊಟ್ಟೊದ ಹೊರಗೆ ಜಾಗ ಕೊಡಿ

ಮಾನ್ಯರೇ,

ಆಗಸ್ಟ್ 30ಕ್ಕೆ ಮೊಂತಿ ಹಬ್ಬದ, ಅಂದರೆ ಮಾತೆ ಮರಿಯಮ್ಮನ ಹುಟ್ಟುಹಬ್ಬದ, ನೊವೇನಾ (ಒಂಬತ್ತು ದಿನಗಳ ಪ್ರಾರ್ಥನೆ) ಶುರುವಾದರೆ ಸೆಪ್ಟೆಂಬರ್ 8ರ ಹಬ್ಬದವರೆಗೆ ಕರಾವಳಿಯ ಚರ್ಚುಗಳ ಅಂಗಳದ ಗ್ರೊಟ್ಟೊಗಳಲ್ಲಿ, ಅಂದರೆ ಮಾತೆಯ ಪ್ರತಿಮೆ ಇರುವ ಗವಿಯಾಕಾರದ ಗುಡಿಗಳಲ್ಲಿ, ಬತ್ತಿ ಆರುವುದು ಅಪರೂಪ. ಬಲಿಪೂಜೆಗೆ ಬಾಗಿಲು ತೆರೆಯುವ ಮೊದಲೇ ಬರುವವರು, ಕೆಲಸ ಮುಗಿಸಿ ಕತ್ತಲಾದ ಮೇಲೆ ಬರುವವರು, ಅನ್ಯಧರ್ಮದವರು, ಎಲ್ಲರಿಗೂ ಸಿಗುವವಳು ಹೊರಗಿರುವ ಈ ಮರಿಯಮ್ಮನೇ. ಹೊಗೆಯೂ ಅವಳಿಗೇ ಹೆಚ್ಚು.

ನಮ್ಮ ಬಹುತೇಕ ಗ್ರೊಟ್ಟೊಗಳಿಗೆ ಮಾದರಿ ಫ್ರಾನ್ಸಿನ ಲೂರ್ದು. 1858ರಲ್ಲಿ ಅಲ್ಲಿನ ಗವಿಯಲ್ಲಿ ಬರ್ನಾಡೆಟ್ ಎಂಬ ಹುಡುಗಿಗೆ 18 ಸಲ ಮಾತೆಯ ದರ್ಶನವಾಯಿತು. ಅದೇ ಲೂರ್ದಿನಲ್ಲಿ ಇಂದು ಭಕ್ತರು ತರುವ ಬತ್ತಿಗಳಿಗೆ ನದಿಯ ಆಚೆ ದಡದಲ್ಲಿ ಜಾಗ ಮಾಡಿದ್ದಾರೆ. ನಾವು ಮಾತ್ರ ಮಾತೆಯ ಪಾದದಡಿಯೇ ಹಚ್ಚುತ್ತೇವೆ. ಕೆಂಪು ಕಲ್ಲಿನ ರಂಧ್ರಗಳಿಗೆ ಮಸಿ ಇಳಿದರೆ ಮತ್ತೆ ಪೂರ್ತಿ ಹೋಗುವುದಿಲ್ಲ.

ಗ್ರೊಟ್ಟೊದಿಂದ ಆರೇಳು ಅಡಿ ಮುಂದೆ, ತಗಡಿನ ಸೂರಿನ ಕೆಳಗೆ ಕಬ್ಬಿಣದ ತಟ್ಟೆ ಇಟ್ಟು ನಾಲ್ಕು ಇಂಚು ಒಣ ಮರಳು ತುಂಬಿ. ಬತ್ತಿಗಳ ನಡುವೆ ಮೂರು ಇಂಚಾದರೂ ಅಂತರವಿರಲಿ. ಒತ್ತಾಗಿ ನೆಟ್ಟರೆ ಒಂದರ ಬಿಸಿಗೆ ಇನ್ನೊಂದು ಬಾಗುತ್ತದೆ, ಕರಗಿದ ಮೇಣವೆಲ್ಲ ಒಟ್ಟಾಗಿ ಹೊತ್ತಿಕೊಳ್ಳುತ್ತದೆ. ಆಗ ನೀರು ಎರಚಲೇಬೇಡಿ, ಜ್ವಾಲೆ ಮೇಲಕ್ಕೆ ಚಿಮ್ಮುತ್ತದೆ. ಮರಳು ಸುರಿಯಬೇಕು. ಹಬ್ಬದ ದಿನ ಬತ್ತಿ ಪೂರ್ತಿ ಉರಿಯಲು ಕಾಯದೆ, ಅರ್ಧವಾದವನ್ನು ತೆಗೆಯಲು ವಾಳೆಯಿಂದ (ಚರ್ಚಿನ ವಾರ್ಡಿನಿಂದ) ಒಬ್ಬರನ್ನು ಅದರ ಮುಖ್ಯಸ್ಥರಾದ ಗುರಿಕಾರರು ನೇಮಿಸಲಿ.

ಮಸಿ ತೆಗೆಯುವಾಗಲೂ ಮೊದಲು ಒಣ, ಮೆತ್ತನೆಯ ಬ್ರಷ್. ಒದ್ದೆ ಬಟ್ಟೆ ಹಿಡಿದರೆ ಮಸಿ ಕಲ್ಲಿನೊಳಕ್ಕೇ ಹೋಗುತ್ತದೆ. ನೆಲದ ಮೇಣ ಗಟ್ಟಿಯಾದ ಮೇಲೆ ಮರದ ಚಕ್ಕೆಯಿಂದ ಕೆರೆದು ತೆಗೆಯಿರಿ. ಬಿಸಿನೀರು ಸುರಿದರೆ ಅದೂ ಕಲ್ಲಿಗೇ ಇಳಿಯುತ್ತದೆ.

ನಮಗೆ ಇದಕ್ಕಿಂತ ನೋವು ಕೊಡುವುದು ಪ್ರತಿಮೆಗೆ ವರ್ಷವರ್ಷವೂ ಬಳಿಯುವ ಎನಾಮೆಲ್ ಪೇಂಟು. ಹಳೆಯದರ ಮೇಲೆ ಹೊಸ ಪದರ ಏರಿ ಏರಿ ಮಾತೆಯ ತುಟಿ, ರೆಪ್ಪೆ, ಬೆರಳುಗಳ ಗೆರೆಗಳೇ ಮುಚ್ಚಿಹೋಗುತ್ತವೆ. ಪ್ಲಾಸ್ಟರಿನ ಪ್ರತಿಮೆಯಾದರೆ ಬುಡದಿಂದ ಹೀರಿದ ನೀರು ಪೇಂಟಿನ ಹಿಂದೆ ಸಿಕ್ಕಿಕೊಂಡು, ಮಳೆ ಕಳೆಯುವಷ್ಟರಲ್ಲಿ ಹಪ್ಪಳದಂತೆ ಏಳುತ್ತದೆ. ಅದನ್ನು ಮುಚ್ಚಲು ಮತ್ತೆ ಪೇಂಟು! ಬುಡಕ್ಕೆ ನೀರು ನಿಲ್ಲದ ಗ್ರಾನೈಟ್ ಹಲಗೆ ಕೊಟ್ಟು, ಗ್ರೊಟ್ಟೊದ ನೆತ್ತಿಯ ಬಿರುಕು ತುಂಬಿ, ಮಳೆ ನಿಂತು ಪ್ರತಿಮೆ ಒಣಗಿದ ಮೇಲಷ್ಟೇ ಬಣ್ಣದ ಮಾತು. ಅದೂ ಪ್ರತಿಮೆ ಕೆಲಸ ಬಲ್ಲವರ ಕೈಯಿಂದ.

ಚೆಂಡುಹೂವಿನ ಮಾಲೆ ಒದ್ದೆಯಾದರೆ ಬಿಳಿ ನಿಲುವಂಗಿಗೆ ಹಳದಿ ಹಿಡಿಯುತ್ತದೆ. ಆವತ್ತೇ ಸಂಜೆ ತೆಗೆಯಿರಿ. ದೀಪದ ಸರಕ್ಕೆ ಮಳೆ ತಡೆಯುವ ಎಲ್ಇಡಿ ಇರಲಿ, ಲೈನಿಗೆ ವಿದ್ಯುತ್ ಸೋರಿದರೆ ತಕ್ಷಣ ಕಡಿತಗೊಳಿಸುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ನೊವೇನಾಕ್ಕೆ ಹೂ ತರುವ ಮಕ್ಕಳು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತಿರುತ್ತಾರೆ.

– ಗ್ರೊಟ್ಟೊ ಸೇವಾಬಳಗದವರು, ಮಂಗಳೂರು