ಶಕ್ತಿಯನ್ನೆಲ್ಲ ಕುಗ್ಗಿಸಿಬಿಡುತ್ತಾರೆ ಎಂದು ಬರೆದೆಯಲ್ಲ

ಶಿಡ್ಲಘಟ್ಟ

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ನಿನ್ನ ಕೆಲಸ, ಹೊಸ ರೂಮು, ಅಮ್ಮನ ಮಂಡಿನೋವು ಇವಕ್ಕೆಲ್ಲ ದೊಡ್ಡಮ್ಮ ಫೋನಿನಲ್ಲೇ ಉತ್ತರ ಕೊಟ್ಟಾಗಿದೆ. ನನ್ನ ನಿದ್ದೆ ಕೆಡಿಸಿದ್ದು ಒಂದೇ ಸಾಲು: ನಿನ್ನ ಟೈಪ್ 1 ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಸುರಿಸುವ ಹೊಸ ಕೋಶಗಳನ್ನು ಹಾಕಿದರೂ, ಅವು ಉಳಿಯಬೇಕಾದರೆ ನಿನ್ನ ರೋಗನಿರೋಧಕ ಶಕ್ತಿಯನ್ನೆಲ್ಲ ಕುಗ್ಗಿಸಿಬಿಡುತ್ತಾರೆ, ಆಮೇಲೆ ಒಂದು ನೆಗಡಿಗೂ ಹೆದರಿ ಬದುಕಬೇಕು ಎಂದಿದ್ದೆ.

ಹೆದರಬೇಡ ಎಂದು ಬರೆಯಲು ಕುಳಿತೆ, ಕೈ ಓಡಲಿಲ್ಲ. ನಿನ್ನ ಚಿಕ್ಕಪ್ಪನಿಗೆ ಮೂತ್ರಪಿಂಡದ ಕಸಿ ಆದಾಗ ನೀನಿನ್ನೂ ಹುಟ್ಟಿರಲಿಲ್ಲ. ಕಸಿಯನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿ ಸೈಕ್ಲೋಸ್ಪೋರಿನ್, ಆಗ ಎಣ್ಣೆಯಂಥ ದ್ರವ. ಗಾಜಿನ ಲೋಟದಲ್ಲೇ ಹಾಲಿಗೆ ಕಲಸಬೇಕು, ಪ್ಲಾಸ್ಟಿಕ್ ಆಗದು. ಕುಡಿದಾದ ಮೇಲೆ ಮತ್ತಷ್ಟು ಹಾಲು ಹಾಕಿ, ಲೋಟಕ್ಕೆ ಅಂಟಿದ್ದನ್ನೂ ಅಲುಗಾಡಿಸಿ ಮುಖ ಕಿವುಚಿಕೊಂಡು ಕುಡಿಯುತ್ತಿದ್ದ. ಒಸಡು ಬೆಳೆದು ಹಲ್ಲನ್ನು ಅರ್ಧ ಮುಚ್ಚಿತ್ತು, ಹಣೆಯ ಮೇಲೆಲ್ಲ ಕೂದಲು. ಕೆಮ್ಮುವವರು ಯಾರೂ ನಮ್ಮ ಹಜಾರ ದಾಟುವಂತಿರಲಿಲ್ಲ. ಕೊನೆಗೆ ಅವನನ್ನು ಕೊಂಡೊಯ್ದದ್ದು ಸೋಂಕಲ್ಲ, ಹೃದಯ. ಅಷ್ಟು ವರ್ಷಗಳಲ್ಲಿ ಒಂದು ಶಿವರಾತ್ರಿಗಾದರೂ ನಂದಿಯ ತೇರಿಗೆ ಅವನು ಹೋಗಿಬರಲಿಲ್ಲವಲ್ಲ ಎಂಬುದು ಇಂದಿಗೂ ಕೊರೆಯುತ್ತದೆ.

ಹಾಗಾಗಿ ನಿನ್ನ ಭಯವನ್ನು ಸುಳ್ಳು ಎನ್ನಲಾರೆ. ಆದರೆ ಅದು ಅವನ ಕಾಲದ ಭಯವೂ ಹೌದು. 1980ರಲ್ಲಿ ರೇಷ್ಮೆಹುಳುವನ್ನು ಕೊಲ್ಲುವ ಊಜಿ ನೊಣ ಕರ್ನಾಟಕಕ್ಕೆ ಬಂದಾಗ, ರೇಷ್ಮೆ ಸಾಕುವ ನಮ್ಮ ಹುಳುಮನೆಯ ಕಿಟಕಿಗಳನ್ನೆಲ್ಲ ಮುಚ್ಚಿದೆವು. ನೊಣ ನಿಂತಿತು, ಒಳಗೆ ಗಾಳಿಯಾಡದೆ ಹುಳುಗಳೂ ಬಾಡಿದವು. ಆಮೇಲೆ ನೈಲಾನ್ ಬಲೆ ಬಂತು: ಗಾಳಿ ಬರುತ್ತದೆ, ನೊಣ ಬರುವುದಿಲ್ಲ. ವಿಜ್ಞಾನಿಗಳು ಈಗ ಹುಡುಕುತ್ತಿರುವುದು ಅಂಥ ಬಲೆಯನ್ನು. ದೇಹ ತನ್ನನ್ನೇ ಕಡಿಯದಂತೆ ಹತೋಟಿಯಲ್ಲಿಡುವ ಒಂದು ಬಗೆಯ ಟಿ ಕೋಶಗಳು (ಬಿಳಿರಕ್ತಕಣಗಳು) ನಮ್ಮೆಲ್ಲರ ರಕ್ತದಲ್ಲೂ ಇವೆ. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲೇ ಅವನ್ನು ತೋರಿಸಿಕೊಟ್ಟರು. ಬ್ರಂಕೋವ್ ಮತ್ತು ರಾಮ್ಸ್‌ಡೆಲ್ ಅವರೊಂದಿಗೆ ನೊಬೆಲ್ ಬಂದದ್ದು 2025ರಲ್ಲಿ. ಈ ಕೋಶಗಳನ್ನು ಬಲಪಡಿಸಿದರೆ, ನಿನ್ನ ಕಾಯಿಲೆಯಲ್ಲಿ ದೇಹ ತನ್ನದೇ ಮೇದೋಜೀರಕದ ಇನ್ಸುಲಿನ್ ಕೋಶಗಳ ಮೇಲೆ ಮಾಡುವ ದಾಳಿಯಷ್ಟೇ ಅಡಗಿ, ಕ್ಷಯವನ್ನೂ ಜ್ವರವನ್ನೂ ಎದುರಿಸುವ ಶಕ್ತಿ ಹಾಗೇ ಉಳಿದೀತು ಎಂಬ ಆಸೆ. ಆಸೆಯೇ, ಇನ್ನೂ ಔಷಧಿಯಲ್ಲ. ಜೀವಶಾಸ್ತ್ರದ ಮೇಷ್ಟ್ರಾಗಿದ್ದವನು, ಇಷ್ಟಾದರೂ ಕೊರೆಯದಿದ್ದರೆ ಸಮಾಧಾನವಿಲ್ಲ.

ನೀನು ಓದಿದ ಸುದ್ದಿಯನ್ನು ನಾನೂ ಓದಿದೆ. 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಾಂಡಕೋಶದಿಂದ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶ) ಬೆಳೆಸಿದ ಇನ್ಸುಲಿನ್ ಕೋಶಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ 12 ಮಂದಿಯಲ್ಲಿ 10 ಮಂದಿ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಬಿಟ್ಟಿದ್ದರು. ಅವರೆಲ್ಲರೂ ಪ್ರತಿರೋಧ ಕುಗ್ಗಿಸುವ ಔಷಧಿಯ ಮೇಲೇ ಇದ್ದವರು. ಆ ಪ್ರಯೋಗದಲ್ಲಿ ಒಬ್ಬರು ಮೆದುಳುಪೊರೆಯ ಸೋಂಕಿನಿಂದ ತೀರಿಕೊಂಡದ್ದನ್ನೂ ಮುಚ್ಚಿಡಲಾರೆ. ಅದೇ ವರ್ಷ ಸ್ವೀಡನ್ನಿನಲ್ಲಿ ಒಬ್ಬರ ಮುಂದೋಳಿನ ಸ್ನಾಯುವಿಗೆ, ದೇಹ ಗುರುತು ಹಿಡಿಯದಂತೆ ಜೀನ್ ತಿದ್ದಿದ ಕೋಶಗಳನ್ನು ಹಾಕಿದರು. ಅಂಥ ಯಾವ ಔಷಧಿಯೂ ಇಲ್ಲದೆ ಅವು ಬದುಕಿ ಇನ್ಸುಲಿನ್ ಸುರಿಸಿದವು. ಚುಚ್ಚುಮದ್ದು ಬಿಡುವಷ್ಟು ಮಾತ್ರ ಇಲ್ಲ. ಎರಡನ್ನೂ ಓದಿದ ಮೇಲೆ ನನಗೆ ನೆಮ್ಮದಿಯೂ ಆಗಲಿಲ್ಲ, ಭಯವೂ ಹಿಂದಿನಷ್ಟು ಉಳಿಯಲಿಲ್ಲ.

ನಿನಗೆ ನಾಳೆಯೇ ಯಾರೂ ಕಸಿ ಮಾಡುವುದಿಲ್ಲ ಪುಟ್ಟಿ. ನಡೆಯದ ಚಿಕಿತ್ಸೆಯ ಹೆದರಿಕೆಯನ್ನು ಈಗಿನಿಂದಲೇ ಏಕೆ ಹೊರುತ್ತೀಯ? ಹೀಗೆ ಕೇಳುವುದು ಸುಲಭ, ನನಗೆ ಗೊತ್ತು. ಕಾಂಡಕೋಶದಿಂದ ಸಕ್ಕರೆ ಕಾಯಿಲೆ ವಾಸಿ ಎಂದು ಜಾಹೀರಾತು ಹಾಕುವವರಿಗೆ ಮಾತ್ರ ದುಡ್ಡು ಕಟ್ಟಬೇಡ. ನಮ್ಮ ದೇಶದಲ್ಲಿ ಅದು ಅನುಮತಿ ಪಡೆದ ಪ್ರಯೋಗವಾಗಿಯೇ ನಡೆಯಬೇಕು, ಪ್ರಯೋಗಕ್ಕೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ. ಇನ್ಸುಲಿನ್ ಒಂದು ಹೊತ್ತೂ ತಪ್ಪಿಸಬೇಡ. ಬಾಕಿ ಉಳಿದ ಲಸಿಕೆಗಳ ಬಗ್ಗೆ ಡಾಕ್ಟರನ್ನು ಕೇಳು. ಮುಂದೊಮ್ಮೆ ಪ್ರತಿರೋಧ ಕುಗ್ಗಿಸುವ ಔಷಧಿ ಶುರುವಾದರೆ ಜೀವಂತ ಲಸಿಕೆಗಳನ್ನು ಕೊಡುವುದಿಲ್ಲ. ಬೇಡದ ಉಪದೇಶ ಅನ್ನಿಸಿದರೆ ಇದನ್ನು ಬಿಟ್ಟು ಓದು.

ಇನ್ನೊಂದು, ಅಮ್ಮನ ಮುಂದೆ ಓದಬೇಡ. ನಿನ್ನ ತಮ್ಮನ ರಕ್ತದಲ್ಲಿ ಈ ಕಾಯಿಲೆಯ ಮುನ್ಸೂಚನೆ ಕೊಡುವ ಪ್ರತಿಕಾಯಗಳಿವೆಯೇ ಎಂದು ಒಮ್ಮೆ ಪರೀಕ್ಷೆ ಮಾಡಿಸಬಹುದೇನೋ. ಕಾಯಿಲೆ ಹೊರಬೀಳುವ ಮುನ್ನವೇ ಕೊಟ್ಟು ಅದನ್ನು ಮುಂದೂಡುವ ಟೆಪ್ಲಿಜುಮಾಬ್ ಎಂಬ ಔಷಧಿಗೆ ಅಮೆರಿಕದಲ್ಲಿ 2022ರಲ್ಲೇ ಅನುಮತಿ ಸಿಕ್ಕಿದೆ. ಡಾಕ್ಟರ ಬಳಿ ಹೋದಾಗ ಇದನ್ನೂ ಕೇಳಿ, ಅವರು ಹೇಳಿದ್ದನ್ನು ನನಗೆ ಬರೆ.

ಇಂತಿ,
ನಿನ್ನ ದೊಡ್ಡಪ್ಪ